ಪಟ್ಟಿಯಲ್ಲಿ ಹದಿನಾಲ್ಕನೆಯ ಹೆಸರು

ಗೂಡಲೂರಿನ ಆಚೆಗಿರುವ ಒಂದು ಟೀ ಫ್ಯಾಕ್ಟರಿಯ ಬಾಗಿಲಿಗೆ ಅಂದು ಬೆಳಿಗ್ಗೆ ಒಂದು ಹಾಳೆ ಅಂಟಿಸಿದ್ದರು. ಹಾಳೆ ಅಂಗೈಯಗಲ, ಸಂಕಟ ಆಕಾಶದಗಲ. ಫ್ಯಾಕ್ಟರಿ ಕೈ ಬದಲಾಗಿದೆ, ಡ್ರೈಯರಿಗೆ ಹೊಸ ಯಂತ್ರ ಬರುತ್ತದೆ; ಮೂವತ್ತು ವರ್ಷ ಟೀ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟವರಿಗೆ ಮಾತ್ರ ಕೆಲಸ ಉಂಟು, ಇವತ್ತು ಸಂಜೆ ಐದೇ ಕೊನೆ ಎಂದು ಅದರಲ್ಲಿತ್ತು.

ಮಹದೇವಸ್ವಾಮಿ ಅದನ್ನು ಮೂರು ಸಲ ಓದಿದ. ಡ್ರೈಯರಿನ ಬಾಯಲ್ಲಿ ನಿಂತು, ಬರೀ ವಾಸನೆಯಲ್ಲೇ ಸೊಪ್ಪು ಬೆಂದಿದೆಯೋ ಸೀದಿದೆಯೋ ಹೇಳುವ ಮನುಷ್ಯ ಅವನು. ಈ ಫ್ಯಾಕ್ಟರಿಯಲ್ಲಿ ಅವನಿಗೆ ಇಪ್ಪತ್ತಾರು ವರ್ಷ. ಅದಕ್ಕೂ ಮೊದಲು ಚೇರಂಬಾಡಿ ಕಡೆಯ ಕಲ್ಲುಹಳ್ಳ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ. ಆದರೆ ಕಲ್ಲುಹಳ್ಳ ಬಾಗಿಲು ಹಾಕಿ ಯಾವ ಕಾಲವೋ ಆಗಿತ್ತು, ಅದರ ಪುಸ್ತಕಗಳೆಲ್ಲ ಹಳೇ ಪೇಪರಿನವನ ತಕ್ಕಡಿ ಏರಿದ್ದವು. ಕೆಲಸ ಹೋದರೆ ಫ್ಯಾಕ್ಟರಿ ಕೊಟ್ಟ ಎರಡು ಕೋಣೆಯ ಮನೆಯೂ ಹೋಗುತ್ತದೆ. ಇಪ್ಪತ್ತಾರು ವರ್ಷ ಬಾಳಿದ ಮನೆ ಬಿಟ್ಟು ಎಲ್ಲಿಗೆ ಹೋಗುವುದು?

ಹೆಂಡತಿ ಸಣ್ಣತಾಯಮ್ಮ ಟ್ರಂಕನ್ನೇ ನೆಲಕ್ಕೆ ಬೋರಲು ಹಾಕಿದಳು. ಮದುವೆ ಪತ್ರಿಕೆ ಬಂತು, ಸತ್ತ ಎಮ್ಮೆಯ ವಿಮೆ ಬಂತು, ಕಲ್ಲುಹಳ್ಳದ್ದು ಒಂದು ಚೂರೂ ಬರಲಿಲ್ಲ.

"ಹನ್ನೊಂದು ವರ್ಸ ದುಡುದ್ರಿ, ಒಂದು ಚೀಟಿ ಮಡಗಿಲ್ವಲ್ಲ. ಎಮ್ಮೆಗಿರೋ ಕಾಗ್ದ ನಿಮಗಿಲ್ಲ!" ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಗೋಪಾಲನ್ ಬಂದ. ಕರೆದರೆ ಬರುವ ಪೈಕಿ ಅಲ್ಲ, ಕರೆಯುವ ಮೊದಲೇ ಬರುವ ಪೈಕಿ. ಅವನೂ ಕಲ್ಲುಹಳ್ಳದಲ್ಲಿ ರೋಲರ್ ತಿರುಗಿಸಿದವನೇ. ಆದರೆ ನಾಲ್ಕು ವರ್ಷ ಮೊದಲೇ ಇಲ್ಲಿಗೆ ಬಂದದ್ದರಿಂದ ಇಲ್ಲೇ ಮೂವತ್ತು ತುಂಬಿತ್ತು. ಕಷ್ಟವಿಲ್ಲದವನ ಬಾಯಲ್ಲಿ ಉಪಾಯಕ್ಕೇನು ಬರ?

"ತೊಳಿಲ್ ವರಿ ಮರೆತ್ಯಾ ಸಾಮಿ? ನಮ್ ಹೆಸರಲ್ಲಿ ಫ್ಯಾಕ್ಟರಿಯೋರು ಪಂಚಾಯ್ತಿಗೆ ವೃತ್ತಿ ತೆರಿಗೆ ಕಟ್ತಿದ್ರಲ್ಲ! ತೆರಿಗೆ ಪಟ್ಟೀಲಿ ಹೆಸರಿದ್ರೆ ಕೆಲಸ ಮಾಡ್ದಂಗೇ ತಾನೆ? ನಡಿ, ನಾನೇ ಸಾಕ್ಷಿ. ಈ ಗೋಪಾಲನ್ ಇರೋವಾಗ ನಿಂಗೇನ್ ಭಯ?"

ಮೂವರೂ ಚೇರಂಬಾಡಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಗೋಪಾಲನ್ ಕಂಡಕ್ಟರಿಗೆ, ಮುಂದಿನ ಸೀಟಿನವರಿಗೆ, ಕೋಳಿ ಹಿಡಿದು ಕೂತ ಮುದುಕಿಗೆ ಸಾಕ್ಷಿ ಹೇಳುತ್ತಲೇ ಹೋದ. "ಒಂದೇ ತಟ್ಟೇಲಿ ಉಂಡೋರು ನಾವು, ಒಂದೇ ಕಂಬಳೀಲಿ ಮಲಗಿದೋರು!" ಮುದುಕಿ ಕೋಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಪಂಚಾಯಿತಿ ಕಚೇರಿಯ ಗುಮಾಸ್ತೆ ಮಲರ್‌ಕೊಡಿ ಒಳ್ಳೆಯವಳು, ಆದರೆ ಅರ್ಜಿ ಇಲ್ಲದೆ ಉಸಿರನ್ನೂ ಬಿಡುವವಳಲ್ಲ. ಗೋಪಾಲನ್ ಅರ್ಜಿ ಬರೆಯಲು ಕೂತ. ಮೊದಲ ಹಾಳೆ ಮುಗಿದಾಗ ಅವನಿನ್ನೂ ಕಲ್ಲುಹಳ್ಳದ ಚಳಿಯ ವರ್ಣನೆಯಲ್ಲೇ ಇದ್ದ. ಮಲರ್‌ಕೊಡಿ ಕಾಗದ ಕಸಿದುಕೊಂಡು ತಾನೇ ಎರಡು ಸಾಲು ಬರೆದಳು.

"ಹಳೇದೆಲ್ಲ ಹಿಂದಿನ ಕೊಟ್ಟಿಗೇಲಿ ಇದೆ ಅಣ್ಣಾ. ಹುಡುಕೋದು ನಿಮ್ ಪಾಡು," ಎಂದು ಬೀಗ ತೆಗೆದುಕೊಟ್ಟಳು.

ಕೊಟ್ಟಿಗೆಯಲ್ಲಿ ಕಟ್ಟುಗಳು ಸೂರಿನವರೆಗೆ ಇದ್ದವು. ಎಳೆದ ಮೊದಲನೆಯ ಕಟ್ಟು ಗೋಪಾಲನ್ ತಲೆಯ ಮೇಲೇ ಬಿತ್ತು. ಎರಡನೆಯದರಲ್ಲಿ ಇಲಿ ಹೆತ್ತಿತ್ತು. ಸಣ್ಣತಾಯಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು ಒಂದೊಂದೇ ಕೊಡವಿದಳು. ಮೂರು ಗಂಟೆಯ ಹೊತ್ತಿಗೆ ಮೂವರೂ ಧೂಳಿನಲ್ಲಿ ಗುರುತು ಸಿಗದಂತಾಗಿದ್ದರು. ಆಗ ಸಿಕ್ಕಿತು ಕಲ್ಲುಹಳ್ಳದ ಕಟ್ಟು. ಮುಕ್ಕಾಲು ಗೆದ್ದಲಿಗೆ ಊಟವಾಗಿ, ಮಹದೇವಸ್ವಾಮಿ ಸೇರಿದ ಮೊದಲ ನಾಲ್ಕು ವರ್ಷದ್ದು ಮಾತ್ರ ಉಳಿದಿತ್ತು. ಇಪ್ಪತ್ತಾರಕ್ಕೆ ನಾಲ್ಕು ಸೇರಿದರೆ ಮೂವತ್ತು. ಗೆದ್ದಲಿಗೂ ದಯೆ ಇರುತ್ತದೆ ಎಂದು ಮಹದೇವಸ್ವಾಮಿಗೆ ಅಂದೇ ಗೊತ್ತಾದದ್ದು.

ಹದಿನಾಲ್ಕನೆಯ ಸಾಲಿನಲ್ಲಿ ಅವನ ಹೆಸರಿತ್ತು. ಅಪ್ಪನ ಹೆಸರು, ಊರು ಗುಂಡ್ಲುಪೇಟೆ ಕಡೆ, ಎಲ್ಲವೂ ನೀಲಿ ಶಾಯಿಯಲ್ಲಿ. ಅವನು ಅದರ ಮೇಲೆ ಬೆರಳಿಟ್ಟು ಕೂತುಬಿಟ್ಟ. ಮೇಲಿನ ಹದಿಮೂರು ಹೆಸರುಗಳಲ್ಲಿ ಒಂಬತ್ತು ಜನ ಸತ್ತೇಹೋಗಿದ್ದರು. ಅವರ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು, ಅಪ್ಪ ಇಲ್ಲಿ ದುಡಿದಿದ್ದ ಅಂತ? ಬೆವರೆಲ್ಲ ಟೀ ವಾಸನೆ ಬರುತ್ತಿದ್ದ ಆ ವರ್ಷಗಳಿಗೆ ಒಂದು ಫೋಟೋ ಇಲ್ಲ, ಒಂದು ಕಟ್ಟಡವೂ ಇಲ್ಲ. ಅವನಿಗೆ ಅಳು ಬಂತು.

"ಇದ್ದೀನಿ ಕಣಮ್ಮಿ. ನಾನೂ ಇದ್ದೀನಿ ಇದ್ರಲ್ಲಿ," ಎಂದ.

"ಅಳೋದ ಆಮೇಕೆ ಅಳೀರಂತೆ, ಬಸ್ಸು ಹೋಯ್ತದೆ," ಎಂದು ಸಣ್ಣತಾಯಮ್ಮ ಎಬ್ಬಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಧೂಳು ಎಂದು ಒರೆಸಿಕೊಂಡಳು.

ಮಲರ್‌ಕೊಡಿ ನಾಲ್ಕೂ ಹಾಳೆಯ ನಕಲಿಗೆ ಸೀಲು ಒತ್ತಿದಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ಗೋಪಾಲನ್ ಮೂರು ಸಾಲು ತುಂಬುವಷ್ಟು ದೊಡ್ಡ ಸಹಿ ಹಾಕಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಮೂವರೂ ಮ್ಯಾನೇಜರ್ ಜಯರಾಮನ್ ಮುಂದೆ ನಿಂತಿದ್ದರು. ಜಯರಾಮನ್ ಹಾಳೆಗಳನ್ನು ನಿಧಾನವಾಗಿ ಓದಿದರು. ಅವರ ಮುಖ ಅರಳಿತು.

"ಭೇಷ್! ಮೂವತ್ತು ವರ್ಷ ಪಕ್ಕಾ. ಇಷ್ಟು ಒಳ್ಳೆ ದಾಖಲೆ ಯಾರೂ ತಂದಿಲ್ಲ," ಎಂದರು. ಆಮೇಲೆ ಬೆರಳು ಪಕ್ಕದ ಕಾಲಮ್ಮಿಗೆ ಸರಿಯಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ವಯಸ್ಸು ಇಪ್ಪತ್ತೊಂದು ಅಂತಿದೆ. ಪಟ್ಟಿ ಮೂವತ್ತೇಳು ವರ್ಷದ ಹಿಂದಿನದು. ಅಂದ್ರೆ ನಿನಗೀಗ ಐವತ್ತೆಂಟು. ಐವತ್ತೆಂಟಕ್ಕೆ ರಿಟೈರು ಅಲ್ವೇನಪ್ಪಾ?"

ಮಹದೇವಸ್ವಾಮಿ ಮೇಜಿನತ್ತ ಬಾಗಿದ. "ಇಲ್ಲಾ ಸಾರ್, ನಂಗೆ ಐವತ್ತೆರಡು! ಆಗ ಹದಿನೈದು ನಂಗೆ. ಹುಡುಗ್ರನ್ನ ಸೇರಿಸ್ಕೊಂಡ್ರೆ ಇನ್ಸ್‌ಪೆಕ್ಟರು ಕೇಸು ಹಾಕ್ತಾನೆ ಅಂತ ಮೇಸ್ತ್ರಿ ಒಬ್ಬೊಬ್ಬರಿಗೂ ಐದಾರು ವರ್ಸ ಕೂಡಿಸಿ ಬರೀತಿದ್ದ. ಎತ್ತರ ನೋಡಿ ವಯಸ್ಸು ಹಾಕೋನು ಸಾರ್. ನಾನು ಉದ್ದ ಇದ್ದೆ. ಅವತ್ತು ಕಲ್ಲುಹಳ್ಳದಲ್ಲಿ ಎಲ್ರಿಗೂ ಹಂಗೇಯ!"

"ಹಾಗಾದ್ರೆ ಪಟ್ಟಿ ಸುಳ್ಳು ಅಂತೀಯಾ? ಸುಳ್ಳು ಪಟ್ಟಿ ಆದ್ರೆ ನಾಲ್ಕು ವರ್ಷದ ಸರ್ವೀಸೂ ಸುಳ್ಳು. ನಿಜ ಆದ್ರೆ ವಯಸ್ಸೂ ನಿಜ. ಯಾವುದು ಬೇಕೋ ಆರಿಸ್ಕೋ. ಎರಡ್ರಲ್ಲೂ ನಾಳೆ ಕೆಲಸ ಇಲ್ಲ," ಎಂದರು ಜಯರಾಮನ್. ಹೇಳುವಾಗ ಅವರಿಗೂ ಬೇಜಾರಾಗಿತ್ತು.

ಸಣ್ಣತಾಯಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಆರು ವರ್ಸ ಮುದುಕ ಅಂತ ಗೊತ್ತಿದ್ರೆ ನಮ್ಮಪ್ಪ ಹೆಣ್ಣೇ ಕೊಡ್ತಿರ್ಲಿಲ್ಲ," ಎಂದವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಜಯರಾಮನ್ ಹಾಳೆ ಮಡಿಚುತ್ತಿದ್ದವರು ತಟ್ಟನೆ ನಿಲ್ಲಿಸಿದರು. "ಇದೇನು, ಹದಿನೈದನೇ ಹೆಸರು ಗೋಪಾಲನ್. ವಯಸ್ಸು ಇಪ್ಪತ್ತೆರಡು, ಅಂದ್ರೆ ಈಗ ಐವತ್ತೊಂಬತ್ತು. ಸಾಕ್ಷಿ ಸಹೀನೂ ಗೋಪಾಲನ್. ಏನಪ್ಪಾ, ಇದು ನೀನೇನಾ?"

ಗೋಪಾಲನ್ ಎರಡು ಹೆಜ್ಜೆ ಹಿಂದೆ ಹೋದ. "ಅಯ್ಯಯ್ಯೋ, ನಾನಲ್ಲ ಸಾರ್! ಊರಿಗೆಲ್ಲ ಎಷ್ಟು ಜನ ಗೋಪಾಲನ್! ಕಲ್ಲುಹಳ್ಳ ಯಾವ ದಿಕ್ಕಿಗಿದೆ ಅಂತ್ಲೂ ನಂಗೆ ತಿಳೀದು. ಪಕ್ಕದ್ಮನೆಯೋನು ಪಾಪ ಅಂತ ಸಹಿ ಹಾಕಿದ್ದಷ್ಟೆ."

ಜಯರಾಮನ್ ಮಹದೇವಸ್ವಾಮಿಯತ್ತ ತಿರುಗಿದರು. "ಜೊತೇಲಿ ಕೆಲಸ ಮಾಡಿದವನು ನೀನು. ನೀನೇ ಹೇಳು, ಆ ಗೋಪಾಲನ್ ಇವನೇನಾ?"

ಮಹದೇವಸ್ವಾಮಿಗೆ ಮೈ ಉರಿಯಿತು. ಬೆಳಗಿನಿಂದ ಊರಿಗೆಲ್ಲ ಸಾಕ್ಷಿ ಹೇಳಿದ ನಾಲಿಗೆ ಈಗ ಕಲ್ಲುಹಳ್ಳವನ್ನೇ ನುಂಗಿತ್ತು. ಹೂಂ ಎಂದರೆ ಸಾಕು, ಅವನೂ ನಾಳೆ ಟ್ರಂಕು ಹೊತ್ತು ಬೀದಿಗೆ ಬರುತ್ತಾನೆ. ಗೋಪಾಲನ್ ಕೈ ಮುಗಿಯಲೂ ಆಗದೆ, ಬಿಡಲೂ ಆಗದೆ, ಎರಡು ಕೈಯನ್ನೂ ಎದೆಯ ಹತ್ತಿರ ಹಿಡಿದು ನಿಂತಿದ್ದ. ಆ ಕೈಗಳ ಗೆರೆಗಳಲ್ಲಿ ಇನ್ನೂ ಟೀ ಕರೆ ಇತ್ತು.

"ಅಲ್ಲ ಸಾರ್," ಎಂದ ಮಹದೇವಸ್ವಾಮಿ. "ಆ ಗೋಪಾಲನ್ ನಂಗೆ ಅಣ್ಣನಂಗಿದ್ದ. ಇವ್ನು ಯಾರೋ, ನಾ ಕಾಣೆ."