ಇಡ್ಲಿ ತಟ್ಟೆಯಲ್ಲಿ ಕೂತ ಏರಿಯಲ್

ನಮ್ಮ ಭಾವನವರನ್ನು ಕಂಡರೆ ನನಗೆ ಕೋಪ ಬರುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಕಾಣದಿದ್ದರೂ ಬರುತ್ತದೆ! ಅವರು ಅಕ್ಕೂರಿನವರು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದೇ ನೆಪವಾಗಿ ನಮ್ಮಕ್ಕನ ಸಮೇತ ನಮ್ಮ ಮನೆಗೆ ದಯಮಾಡಿಸಿದರು. ಇನ್ನೂ ಹೊರಟಿಲ್ಲ.

ಕದನಕ್ಕೆ ಮೂಲ ನಮ್ಮವ್ವನ ರೇಡಿಯೋ. ಅವ್ವನಿಗೆ ಕಣ್ಣು ಕಾಣುವುದಿಲ್ಲ. ಸಂಜೆ ರೇಡಿಯೋದಲ್ಲಿ ಬರುವ ಹರಿಕಥೆಯೇ ಅವಳ ಪಾಲಿಗೆ ಊರು, ಕೇರಿ, ನೆಂಟರು ಎಲ್ಲಾ. ಕಾರ್ಖಾನೆಗಳು ನಮ್ಮ ಬೇಲಿಯವರೆಗೂ ಬಂದ ಮೇಲೆ ದಾಸರ ಬಾಯಲ್ಲಿ ಬರೀ ಗೊರ್ರ್! ನಡೆಯುತ್ತಿರುವುದು ಸೀತಾಪಹರಣವೋ ವೆಲ್ಡಿಂಗೋ ತಿಳಿಯದು. ಭಾವ ತಂತಿಯ ಸುರುಳಿ ಸುತ್ತಿ ಹುಣಸೆಮರಕ್ಕೆ ಏರಿಯಲ್ ಕಟ್ಟಿದರು. ದಾಸರು ಬಾಯಿಬಿಟ್ಟರು. ಮೊದಲ ಮಳೆಗೇ ಸುರುಳಿಯೊಳಗೆ ನೀರಿಳಿದು ಮತ್ತೆ ಗೊರ್ರ್.

ಆಗ ಅವತರಿಸಿತು ರೆಸಿನ್. ಜೇನುತುಪ್ಪದಂಥ ಅಂಟು. ಅದಕ್ಕೆ ಹಾರ್ಡ್ನರ್ ಎಂಬುದನ್ನು ಕಲಸಿ ಸುರುಳಿಯ ಮೇಲೆ ಹುಯ್ದರೆ ಕಲ್ಲಾಗುತ್ತದಂತೆ. ಇಂದ್ರನೇ ಬಂದರೂ ಒಳಗೆ ಹನಿ ಇಳಿಸಲಾರನಂತೆ. ಸರಿ, ಹುಯ್ಯಲು ಅಚ್ಚು ಬೇಡವೇ? ಸಿಕ್ಕಿದ್ದು ನನ್ನ ಹೆಂಡತಿ ತವರಿನಿಂದ ತಂದ ಇಡ್ಲಿ ತಟ್ಟೆ!

"ಎಣ್ಣೆ ಸವರಿವ್ನಿ ತಂಗ್ಯವ್ವ, ಇಡ್ಲಿ ಥರಾನೇ ಎದ್ದು ಬತ್ತದೆ."

ಬರಲಿಲ್ಲ. ಚಾಕು ಬಂತು, ಉಳಿ ಬಂತು, ಸುತ್ತಿಗೆ ಬಂತು. ತಟ್ಟೆ ಸೀಳಿತು, ಇಡ್ಲಿ ಜಪ್ಪಯ್ಯ ಎನ್ನಲಿಲ್ಲ. ನನ್ನವಳು ಕೇಳಿದಳು: "ಅಣ್ಣ, ಇದುಕ್ಕೆ ಚಟ್ನಿ ಯಾವ್ದು ಮಾಡ್ಲಿ?"

ಎರಡನೆಯ ಪ್ರಯೋಗ ಹೊಸ ಸುರುಳಿ ಸುತ್ತಿ ತೆಂಗಿನ ಚಿಪ್ಪಿನಲ್ಲಿ. ಸ್ಥಳ, ರೇಷ್ಮೆ ಹುಳುವಿನ ಮನೆಯ ಜಗಲಿ. ಹುಳು ಸೊಪ್ಪು ಮೇಯುವಷ್ಟು ದಿನ ನಾವು ಆ ಕಡೆ ಒಗ್ಗರಣೆ ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ. ಮದುಮಗನೇ ಆದರೂ ಸೆಂಟು ಬಳಿದುಕೊಂಡು ಆ ಬಾಗಿಲು ದಾಟುವಂತಿಲ್ಲ. ಅಲ್ಲಿ ಮೂಗು ಸುಡುವ ರೆಸಿನ್ ಘಾಟು! ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಕೂತವು. ಮನೆಮಂದಿಯೆಲ್ಲ ಕಿಟಕಿ ತೆರೆದು ಬೀಸಣಿಗೆ ಬೀಸಿದೆವು, ಹುಳುಗಳಿಗೆ!

"ಭಾವ, ನಿಮ್ಗೆ ಬುದ್ಧಿ ಐತಾ? ಇವು ಇನ್ನು ಗೂಡು ಕಟ್ತಾವಾ?"

"ಹುಳಕ್ಕೂ ಒಸಿ ಸೈನ್ಸು ಗೊತ್ತಾಗ್ಲಿ ಬುಡ್ಲಾ ಬಾಮೈದ."

ಸೈನ್ಸು! ರೆಸಿನ್ ಡಬ್ಬಗಳನ್ನೆತ್ತಿ ತಿಪ್ಪೆಗೆ ಎಸೆದೆ. "ಈ ದರಿದ್ರ ಇನ್ನೊಂದ್ಸಲ ನನ್ ಸೂರಿನ ಕೆಳ್ಗೆ ಕಾಣ್ಬಾರ್ದು, ಅದ್ರ ಜೊತೆ ನೀವೂ!" ಎಂದು ಗುಡುಗಿದೆ.

ಒಳಗಿನಿಂದ ಅವ್ವ, "ನನ್ ಹರಿಕತೆ ಹಾಳಾಗೋಗ್ಲಿ, ಕಿತ್ತಾಡ್ಬ್ಯಾಡ್ರಪ್ಪ," ಎಂದಳು. ಹಾಗೆಂದು ರೇಡಿಯೋ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ಸಂಜೆ ಸೋನೆಮಳೆ. ಭಾವ ಎಲ್ಲೂ ಇಲ್ಲ. ಕೊನೆಗೂ ಹೊರಟರಲ್ಲ ಎಂದು ಸಂತೋಷಪಡಲು ತಯಾರಾಗುತ್ತಿದ್ದೆ. ಅಷ್ಟರಲ್ಲಿ ಅವ್ವನ ಕೋಣೆಯಲ್ಲಿ ದಾಸರು ಗಂಟಲು ಸರಿಮಾಡಿಕೊಂಡು ಹಾಡತೊಡಗಿದರು. ಗೊರ್ರ್ ಇಲ್ಲ! ಓಡಿಹೋಗಿ ನೋಡಿದರೆ, ಹುಣಸೆಮರಕ್ಕೆ ಒರಗಿಸಿದ ಏಣಿಯ ಮೇಲೆ ಭಾವ, ಕೈಯಲ್ಲಿ ಛತ್ರಿ. ಛತ್ರಿ ಇರುವುದು ಕೊಂಬೆಗೆ ಕಟ್ಟಿದ ತೆಂಗಿನ ಚಿಪ್ಪಿಗೆ. ಭಾವ ನೆನೆದು ತೊಪ್ಪೆ.

"ಇಳೀರಿ ಭಾವ ಕೆಳೀಕೆ!"

"ಇನ್ನೂ ಗಟ್ಟಿ ಆಗಿಲ್ಲ ಕಣ್ಲಾ. ಸೂರಿನ ಕೆಳ್ಗೆ ಬ್ಯಾಡ ಅಂದ್ಯಲ್ಲ, ತಿಪ್ಪೇಲಿ ಹೆಕ್ಕಿ ತಂದು ಇಲ್ಲೇ ಹುಯ್ದೆ. ಹರಿಕತೆ ಮುಗೀಲಿ, ಇಳೀತೀನಿ."

ಕಿಟಕಿಯಿಂದ ಅವ್ವನ ದನಿ: "ಲೇ ಮಗ, ಆ ಅಂಟ ಒಸಿ ನನ್ ಅಳೀನ ತಲೆ ಮ್ಯಾಲೂ ಹುಯ್ಯೋ. ನೆಂದು ಸಾಯ್ತಾವ್ನೆ."

ಇಂಥ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳದೆ ಇರುವುದು ಹೇಗೆ, ನೀವೇ ಹೇಳಿ! ಬೈಯುತ್ತಲೇ ಒಳಗೆ ಹೋದೆ; ಬೈಯುತ್ತಲೇ ಇನ್ನೊಂದು ಛತ್ರಿ ತಂದೆ. ಏಣಿ ಹತ್ತಿ ಅದನ್ನು ಅವರ ತಲೆಯ ಮೇಲೆ ಹಿಡಿದು, ದಾಸರು ಮಂಗಳ ಹಾಡುವವರೆಗೂ ಬೈಯುತ್ತಲೇ ನಿಂತೆ, ಅವ್ವನ ಹರಿಕಥೆಗೆ ಅಡ್ಡಿಯಾಗದಷ್ಟು ಮೆಲ್ಲಗೆ.