ಚಿಕ್ಕಮ್ಮನ ಎಡೆಗೆ ಯಾವ ವೈನು?

ನಮ್ಮ ಚಿಕ್ಕಪ್ಪ ಸತ್ತವರಿಗೆ ವೈನ್ ಕುಡಿಸಲು ಹೊರಟಿದ್ದರು ಎಂದರೆ ನೀವು ನಂಬುವುದಿಲ್ಲ. ಬದುಕಿರುವವರಿಗೆ ಅರ್ಧ ಲೋಟ ಕಾಫಿ ಕೊಡಲೂ ಹಿಂದೆಮುಂದೆ ನೋಡುವ ಆಸಾಮಿ!

ವಿಜಯನಗರದಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಮುಂಚಿನ ಮಾತು. ದೊಡ್ಡ ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದ ಚಿಕ್ಕಪ್ಪ ಮೂಡಲಪಾಳ್ಯದಲ್ಲಿದ್ದರು. ಫ್ರಾನ್ಸಿನ ಕೆಂಪು ವೈನಿಗೆ ಮಟನ್, ಇಟಲಿಯ ಬಿಳಿ ವೈನಿಗೆ ಮೀನು ಎಂದೆಲ್ಲ ಅವರಿಗೆ ಮಗ್ಗಿಯಂತೆ ಬಾಯಿಪಾಠ. ಒಮ್ಮೆ ನನ್ನನ್ನು ಕರೆದುಕೊಂಡು ಹತ್ತಿರದ ವೈನ್ ಶಾಪಿಗೆ ಹೋಗಿ ವೈನ್ ಕೇಳಿದರು. ಅಂಗಡಿಯವನು ಮಿಕಿಮಿಕಿ ನೋಡಿ, "ವೈನೆಲ್ಲ ಇಲ್ಲಿ ಸಿಗಲ್ಲ ಸಾರ್, ಬ್ರಾಂದಿ ಕೊಡ್ಲಾ?" ಎಂದ. ಬೋರ್ಡ್ ತೋರಿಸಿದರೆ, ಅದು ಅಂಗಡಿ ಹೆಸರು ಅಷ್ಟೇ ಎಂದ!

ಇಷ್ಟೆಲ್ಲ ಪಾಡು ಹಿರಿಯರ ಹಬ್ಬಕ್ಕಾಗಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆಯಿಟ್ಟು, ಬಾಗಿಲು ಮುಚ್ಚಿ, ಅವರು ಉಂಡು ಹೋಗುವವರೆಗೆ ಹೊರಗೆ ಕಾಯುವುದು ನಮ್ಮ ಪದ್ಧತಿ. ತಾತನಿಗೆ ಬೀಡಿ, ಬ್ರಾಂದಿ ಮಾಮೂಲು. ಚಿಕ್ಕಮ್ಮ ಹೋದ ಮೇಲೆ ಚಿಕ್ಕಪ್ಪ ವೈನ್ ಸೇರಿಸಿದರು. ರಿಟೈರ್ ಆದ ಮೇಲೆ ಸಂಜೆ ತಾರಸಿಯಲ್ಲಿ ಕುಳಿತು ಇಬ್ಬರೂ ಒಂದೊಂದು ಗ್ಲಾಸ್ ಕುಡಿದು ಹಾಯಾಗಿರೋಣ ಎಂದು ಆಕೆಗೆ ಮಾತು ಕೊಟ್ಟಿದ್ದರಂತೆ. ಆಕೆ ಅಲ್ಲಿಯವರೆಗೆ ಉಳಿಯಲಿಲ್ಲ. ಆಕೆ ಒಪ್ಪಿ ಒಂದು ಗುಟುಕಾದರೂ ಕುಡಿಯಬೇಕು ಎಂಬುದೊಂದೇ ಈಗ ಚಿಕ್ಕಪ್ಪನ ಹಟ.

ಮೊದಲ ವರ್ಷ ಮಟನ್ ಸಾರು, ಹಳೆಯ ಹೋಟೆಲಿನಿಂದ ತರಿಸಿದ ಫ್ರಾನ್ಸಿನ ಕೆಂಪು. ನಾವು ನಡುಮನೆಯಲ್ಲಿ ಕುಳಿತಿದ್ದಾಗ ಮುಚ್ಚಿದ ಕೋಣೆಯೊಳಗೆ ಬಳೆಯ ಸದ್ದಾಯಿತು. ಬೆಕ್ಕಿರಬೇಕು ಎಂದರು ನಮ್ಮತ್ತೆ. ಬೆಕ್ಕು ಯಾವಾಗಿನಿಂದ ಬಳೆ ತೊಟ್ಟಿತು? ಬಾಗಿಲು ತಟ್ಟಿ ತೆರೆದಾಗ ವೈನು ಒಂದು ಹನಿಯೂ ಕಡಿಮೆಯಾಗಿರಲಿಲ್ಲ, ಆದರೆ ಗ್ಲಾಸು ಎಲೆಯಿಂದ ಒಂದು ಗೇಣು ಆಚೆಗೆ ಸರಿದಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಚಿಕ್ಕಪ್ಪ ಮಾತ್ರ ಡೈರಿ ತೆರೆದು, "ಕೆಂಪು ಆಗಲ್ಲ" ಎಂದು ಬರೆದುಕೊಂಡರು!

ಮರುವರ್ಷ ಮೀನು, ಇಟಲಿಯ ಬಿಳಿ. ಬಾಗಿಲು ತೆರೆದರೆ ಗ್ಲಾಸು ಹೊಸಿಲಿನ ಹತ್ತಿರವೇ ನಿಂತಿತ್ತು, ತುಂಬಿಕೊಂಡೇ. ನೆಂಟರೆಲ್ಲ ಊಟ ಮಾಡದೆ ಚಪ್ಪಲಿ ಹುಡುಕಿದರು. ಚಿಕ್ಕಪ್ಪ ಆ ಗ್ಲಾಸನ್ನು ಕೈಗೆತ್ತಿಕೊಂಡು ನನ್ನನ್ನು ಕೇಳಿದರು:

"ಅವಳಿಗೆ ಏನಿಷ್ಟ ಇತ್ತು ಕಣೋ?"

ನನಗೆ ಹೆದರಿಕೆ ಹೋಗಿ ಸಿಟ್ಟು ಬಂತು. ಮೂವತ್ತು ವರ್ಷ ಆಕೆಯ ಕೈಯಡುಗೆ ಉಂಡವರು ಕೇಳುವ ಪ್ರಶ್ನೆಯೇ ಇದು? ಓದುವಾಗ ಅವರ ಮನೆಯಲ್ಲೇ ಇದ್ದ ನನಗೆ ಗೊತ್ತಿತ್ತು, ಹೇಳಿಯೇಬಿಟ್ಟೆ. ಎಲ್ಲರದೂ ಆದ ಮೇಲೆ ಪಾತ್ರೆಯ ತಳ ಹಿಡಿದ ಅನ್ನವನ್ನು ಕೆರೆದು, ಮೊಸರು ಕಲಸಿಕೊಂಡು ತಿನ್ನುವುದೆಂದರೆ ಆಕೆಗೆ ಪ್ರಾಣ. ಎರಡು ತುತ್ತು ಬಾಯಿಗಿಡುವಷ್ಟರಲ್ಲಿ ಚಿಕ್ಕಪ್ಪ ಟವಲ್ಲು, ನೀರು, ಕನ್ನಡಕ ಎಂದು ಕೂಗುತ್ತಿದ್ದರು. ಆಕೆ ಎಂಜಲು ಕೈಯಲ್ಲೇ ಎದ್ದು ಹೋಗುತ್ತಿದ್ದರು. ಚಿಕ್ಕಪ್ಪ ಏನೂ ಬರೆದುಕೊಳ್ಳಲಿಲ್ಲ.

ಮುಂದಿನ ಹಬ್ಬಕ್ಕೆ ಅವರೇ ಅನ್ನಕ್ಕಿಟ್ಟರು. ತಳ ಹದವಾಗಿ ಹಿಡಿಯುವಷ್ಟರಲ್ಲಿ ಎರಡು ಪಾತ್ರೆ ಸುಟ್ಟು ಕರಿಯಾದವು. ಮೊಸರಿಗೆ ಯಾವ ವೈನೂ ಹೊಂದುವುದಿಲ್ಲ ಎಂದು ಗೊಣಗುತ್ತಲೇ ಜರ್ಮನಿಯ ಸಿಹಿ ಬಿಳಿ ವೈನ್ ಸುರಿದು, ಅನ್ನದ ಪಾತ್ರೆಯನ್ನೇ ಎಡೆಗಿಟ್ಟು, ಬಾಗಿಲು ಮುಚ್ಚಿದರು. ಮನೆಯಲ್ಲಿ ನಾವಿಬ್ಬರೇ.

ಸ್ವಲ್ಪ ಹೊತ್ತಿಗೆ ಒಳಗೆ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ಹೊತ್ತಾಯಿತೆಂದು ಬಾಗಿಲು ತಟ್ಟಲು ಎತ್ತಿದ ನನ್ನ ಕೈಯನ್ನು ಚಿಕ್ಕಪ್ಪ ಹಿಡಿದುಕೊಂಡರು. ಬಾಗಿಲಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹೇಳಿದರು:

"ನಿಧಾನಕ್ಕೆ ಊಟ ಮಾಡೇ. ಇವತ್ತು ನಾನು ಕರೆಯಲ್ಲ."