ಮಾಮಾನ ಹಾರ್ಮೋನು

ನಮ್ಮ ಸೋದರಮಾವನಂಥ ಇನ್ನೊಬ್ಬ ಪ್ರಯಾಣಿಕನನ್ನು ಲಿಂಗಸೂಗೂರು-ಸಿಂಧನೂರು ಬಸ್ಸಿನವರು ಕಂಡಿರಲಿಕ್ಕಿಲ್ಲ. ಅರ್ಧ ಬಸ್ಸು ಖಾಲಿ ಇದ್ದರೂ ಈತ ಕೂಡುವುದಿಲ್ಲ. ಎದೆಗೊಂದು ಥರ್ಮಾಸು ಅವುಚಿಕೊಂಡು, ಮೊಣಕಾಲು ಅರ್ಧ ಮಡಚಿ, ಸೀಟುಗಳ ನಡುವೆ ನಿಂತಿರುತ್ತಾನೆ. ಬಸ್ಸು ತಗ್ಗಿಗಿಳಿದರೆ ಈತ ಏಳುತ್ತಾನೆ. ಬಸ್ಸು ಎದ್ದರೆ ಈತ ಕುಗ್ಗುತ್ತಾನೆ. ಕುಸ್ತಿಗೆ ನಿಂತ ಪೈಲ್ವಾನನೋ, ಹೊಟ್ಟೆನೋವಿನವನೋ ಎಂದು ಹೊಸಬರಿಗೆ ಗೊಂದಲ. ಹಳಬರಿಗೂ ಗೊಂದಲವೇ, ಆದರೆ ರೂಢಿಯಾಗಿದೆ.

ಮಾಮಾ ಲಿಂಗಸೂಗೂರಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾನೆ. ನಾವಿರುವುದು ಮಸ್ಕಿಯಲ್ಲಿ. ಅವ್ವನ ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್ಸಿಗೆಂದು ಸಿಂಧನೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಜೊತೆಗೆ ರಕ್ತವೂ ಕಡಿಮೆ. ಒಲೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು. ಆಡಿದ ಮಾತಿನಲ್ಲಿ ಅರ್ಧ ಉಸಿರಲ್ಲೇ ಮುಳುಗಿಹೋಗುತ್ತಿತ್ತು. ಡಾಕ್ಟರು ರಕ್ತ ಹೆಚ್ಚಿಸುವ ಒಂದು ಇಂಜೆಕ್ಷನ್ ಬರೆದುಕೊಟ್ಟರು. ಥಂಡಿಯಲ್ಲಿಡಬೇಕು, ಆದರೆ ಹೆಪ್ಪುಗಟ್ಟಬಾರದು, ಕುಲುಕಬಾರದು ಅಂದರು. ಸಿಂಧನೂರಿನಲ್ಲಿ ಅದು ಸಿಗದೆ ಏನಿಲ್ಲ. ಆದರೆ ಮಾಮಾ ಅಲ್ಲಿಯ ಒಂದು ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಮಜ್ಜಿಗೆ ಪಾಕೀಟು ಕಂಡನಂತೆ. ಅಲ್ಲಿಗೆ ಇಡೀ ಊರಿನ ಮೇಲಿನ ವಿಶ್ವಾಸವೇ ಹೋಯಿತು! ಲಿಂಗಸೂಗೂರಿನಲ್ಲಿ ತನ್ನ ಹಳೇ ಶಿಷ್ಯನ ಅಂಗಡಿಯಿಂದ ತಾನೇ ತರುತ್ತೇನೆಂದು ಹಟ ಹಿಡಿದ. ಆತ ನಿಂತುಕೊಂಡು ಬರುವ ಬಸ್ಸನ್ನು ನಾನೂ ಅವ್ವನೂ ಮಸ್ಕಿಯಲ್ಲಿ ಹತ್ತುತ್ತಿದ್ದೆವು.

ಇಷ್ಟೊಂದು ನಾಜೂಕು ಯಾಕೆ ಎಂದು ಕೇಳಿ ನಾನು ತಪ್ಪು ಮಾಡಿದೆ.

"ಇದು ಪ್ರೋಟೀನು. ಇದರ ಗುಣ ಎಲ್ಲಾ ಇದರ ಆಕಾರದಾಗ ಐತಿ. ಕುಲುಕಿದರ ಆಕಾರ ಕೆಡ್ತೈತಿ. ಆಕಾರ ಕೆಟ್ಟರ ನಿಮ್ಮವ್ವನ ಎಲುಬಿನಾಗಿನ ಕೋಶ ಇದನ್ನ ಗುರ್ತ ಹಿಡಿಯಂಗಿಲ್ಲ."

ಎಲುಬಿನೊಳಗೆ ಕೂತು ಗುರುತು ಹಿಡಿಯುವವರು ಇದ್ದಾರೆಂಬುದೇ ನನಗೆ ಹೊಸ ಸುದ್ದಿ. ನಾನು ಬಿ.ಕಾಂ. ಓದಿದವಳು.

ಬಸ್ಸಿನಲ್ಲಿ ಆದದ್ದು ಇನ್ನೂ ಚೆಂದ. ಥರ್ಮಾಸಿನಲ್ಲಿ ಯಾರಿಗೋ ಹಾಕಬೇಕಾದ ಗುಂಡಿಗೆ ಇದೆಯೆಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಕಂಡಕ್ಟರು ಗಾಬರಿಯಾಗಿ ಮೆಲ್ಲಗೆ ಹೊಡೆಯಲು ಡ್ರೈವರನಿಗೆ ಹೇಳಿದ. ಬಸ್ಸು ಎತ್ತಿನ ಬಂಡಿಯಾಯಿತು. ಮಾಮಾ ಸತ್ಯವಂತ. ಗುಂಡಿಗೆಯಲ್ಲ, ಹಾರ್ಮೋನು ಎಂದು ತಿದ್ದಿದ. ಮುಂದಿನ ಸೀಟಿನಲ್ಲಿದ್ದ ಭಜನಿ ಮೇಳದ ಹಿರಿಯರೊಬ್ಬರು ತಿರುಗಿ ಥರ್ಮಾಸನ್ನು ಬಹಳ ಹೊತ್ತು ನೋಡಿದರು.

"ಪೇಟಿ ಇದರಾಗ ಹ್ಯಾಂಗ ಹಿಡಿಸ್ತೈತ್ರೀ?" ಅಂದರು.

ಹಾರ್ಮೋನಿಯಂ ಅಲ್ಲವೆಂದು ತಿಳಿಸಿ ಹೇಳುವಷ್ಟರಲ್ಲಿ ಸಿಂಧನೂರು ಬಂದಿತ್ತು. ಅವರಿಗೆ ತಿಳಿಯಿತೇ? ಇಳಿಯುವಾಗ, ಬಾರಿಸುವವರು ಯಾರೆಂದು ನನ್ನನ್ನು ಕೇಳಿದರು.

ಆಸ್ಪತ್ರೆಯಲ್ಲಿ ಅವ್ವ ಒಳಗೆ ಮಲಗಿದರೆ ಮಾಮಾ ಹೊರಗಿನ ಬೆಂಚಿನ ಮೇಲೆ ಪಾಠ ಶುರು ಮಾಡುತ್ತಿದ್ದ. ತಮ್ಮವರನ್ನು ಕರೆತಂದ ತುರ್ವಿಹಾಳದ ಇಬ್ಬರು ಅಲ್ಲಿ ಪ್ರತಿ ಸಲವೂ ಸಿಗುತ್ತಿದ್ದರು. ಒಬ್ಬರು ಭತ್ತದ ಗದ್ದೆಯವರು, ಇನ್ನೊಬ್ಬರು ಕಿರಾಣಿ ಅಂಗಡಿಯವರು. ಮಾಮಾ ಅವರಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿದ. ನೀವಿಬ್ಬರೂ ಕೋಶದ ಪೊರೆಯಲ್ಲಿ ಹುಗಿದುಕೊಂಡು ನಿಂತ ಗ್ರಾಹಕಗಳು, ಅಂದರೆ ಹಾರ್ಮೋನಿನ ಗುರುತು ಹಿಡಿಯುವವರು, ನಾನು ಹಾರ್ಮೋನು ಎಂದ. ನಡುವೆ ನಿಂತು, ಒಂದು ಕೈಯಿಂದ ಒಬ್ಬರ ಹೆಗಲನ್ನು ಗಟ್ಟಿಯಾಗಿ, ಇನ್ನೊಂದು ಕೈಯಿಂದ ಇನ್ನೊಬ್ಬರದನ್ನು ಸಡಿಲಾಗಿ ಹಿಡಿದು ಹತ್ತಿರ ಎಳೆದ. ಎರಡೂ ಹಿಡಿತ ಒಂದೇ ಥರ ಇರುವುದಿಲ್ಲವಂತೆ, ಅದೇ ಅದರ ಮಜಾ ಅಂತೆ.

ಗದ್ದೆಯವರು ಈಗ ಏನು ಮಾಡಬೇಕೆಂದು ವಿನಯದಿಂದ ಕೇಳಿದರು. ಏನೂ ಬೇಡ, ನೀವಿಬ್ಬರು ಕೂಡಿದಿರಿ, ರಕ್ತ ಕಟ್ಟಿರೆಂದು ಒಳಗೆ ಸುದ್ದಿ ಹೋಯಿತು ಎಂದ ಮಾಮಾ. ಒಳಗೆ ಹೋದವರಾರು ಎಂದು ನಾನು ಕೇಳಿದೆ.

"ಯಾರೂ ಹೋಗಂಗಿಲ್ಲ. ಹಾರ್ಮೋನು ಹೊರಗ ನಿಂದರ್ತೈತಿ. ಸುದ್ದಿ ಅಷ್ಟ ಒಳಗ ಹೋಗ್ತೈತಿ."

ಕಿರಾಣಿಯವರು ಬಾಗಿಲ ಸಂದಿಯಿಂದ ಒಳಗೆ ಇಣುಕಿ ನೋಡಿದರು.

ಮುಂದಿನ ಸಲ ಮಾಮಾ ಬಂದವನೇ, ಹೇಳಿದ್ದರಲ್ಲಿ ಅರ್ಧ ಮರೆಯಿರಿ ಎಂದ. ಗ್ರಾಹಕಗಳು ಮೊದಲೇ ಜೋಡಿಯಾಗಿರುತ್ತವೆ, ಹಾರ್ಮೋನು ಬಂದು ಅವುಗಳ ನಿಲುವನ್ನಷ್ಟೇ ತಿರುಗಿಸುತ್ತದೆ ಎಂದೂ ಹೇಳುವವರಿದ್ದಾರಂತೆ. ಕಿರಾಣಿಯವರು ಸಮಾಧಾನದಿಂದ ಅಂದರು:

"ನಾವು ಮೊದಲಿಂದನೂ ಜೋಡೀನ ಇದ್ವಿರೀ ಸರ. ಒಂದ ಬಸ್ಸಿನ್ಯಾಗ ಬರ್ತೀವಿ."

ಹೀಗೆ ನಗುತ್ತಲೇ ಇದ್ದೆವು, ಅವ್ವನ ರಕ್ತ ಮಾತ್ರ ಏರಲಿಲ್ಲ. ಪ್ರತಿ ರಿಪೋರ್ಟೂ ಅಲ್ಲಿಂದಲ್ಲಿಗೇ. ಮಾಮಾನ ಮಾತು ಕಡಿಮೆಯಾಯಿತು. ಬಸ್ಸು ನಿಂತಲ್ಲೆಲ್ಲ ಥರ್ಮಾಸಿನ ಮುಚ್ಚಳ ತೆಗೆದು ಇಣುಕತೊಡಗಿದ. ದಾರಿಯಲ್ಲಿ ತನ್ನ ಕೈಯಲ್ಲೇ ಎಲ್ಲೋ ಅದರ ಆಕಾರ ಕೆಟ್ಟಿತೆಂಬ ಅನುಮಾನ ಆತನಿಗೆ. ಅವ್ವ ನನ್ನನ್ನು ಹತ್ತಿರ ಕರೆದು, ತನಗೆ ಗುಣವಿಲ್ಲವೆಂದು ತಮ್ಮನಿಗೆ ಹೇಳಬೇಡ, ಎದೆಯೊಡೆದುಕೊಳ್ಳುತ್ತಾನೆ ಎಂದಳು. ಆ ನಾಲ್ಕು ಮಾತಿಗೆ ಅವಳು ಎಷ್ಟು ಸಲ ಉಸಿರಿಗೆ ನಿಂತಳೋ.

ಕೊನೆಗೆ ಡಾಕ್ಟರೇ ಬಿಡಿಸಿ ಹೇಳಿದರು: ಮೈಯಲ್ಲಿ ಕಬ್ಬಿಣದ ಅಂಶವಿಲ್ಲ, ಅದನ್ನೂ ಕೊಡೋಣ. ಮಾಮಾನ ಮುಖ ಅರಳಿತು. ಸುದ್ದಿ ಮುಟ್ಟಿತ್ತು, ರಕ್ತ ಕಟ್ಟಲು ಸಾಮಾನು ಇರಲಿಲ್ಲ ಅಷ್ಟೇ ಎಂದು ಬೆಂಚಿನವರಿಗೆಲ್ಲ ಸಾರಿದ. ಅವರು ಎಂದಿನಂತೆ ತಲೆಯಾಡಿಸಿದರು.

ಕೆಲವು ತಿಂಗಳು ಕಳೆದವು. ಒಂದು ರವಿವಾರ ಮಾಮಾ ನಮ್ಮ ಮನೆಗೆ ಬಂದ. ಅವ್ವ ಬಹಳ ದಿನಗಳ ಮೇಲೆ ತಾನೇ ಚಪಾತಿ ಹಿಟ್ಟು ನಾದಿಟ್ಟು ಹಿತ್ತಲಿಗೆ ಹೋಗಿದ್ದಳು. ಆ ಹಾರ್ಮೋನಿನ ಆಕಾರ ಅಂದರೆ ಹೇಗಿರುತ್ತದೆ ಮಾಮಾ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಆತ ಅಷ್ಟೂ ಹಿಟ್ಟನ್ನು ತೆಗೆದುಕೊಂಡು ನಾಲ್ಕು ಸುರುಳಿ ಹೊಸೆದ. ಎರಡರ ತಲೆ ಮೇಲೆ, ಎರಡರ ತಲೆ ಕೆಳಗೆ ಮಾಡಿ ಒಟ್ಟಿಗೆ ಕಟ್ಟುವಾಗ ಅವ್ವ ಒಳಗೆ ಬಂದಳು.

"ಲೇ, ನಿನಗ ಬುದ್ಧಿ ಯಾವಾಗ ಬರ್ತೈತಲೇ, ಮಂದಿ ಮಕ್ಕಳಿಗೆ ಪಾಠ ಹೇಳಾವ, ತಿನ್ನೂ ಹಿಟ್ಟಿನಾಗ ಆಡಾಕತ್ತೀಯಲ್ಲ, ಕೈಯರೆ ತೊಳಕೊಂಡೀಯೋ ಇಲ್ಲೋ, ನಮ್ಮವ್ವ ಇದ್ದಿದ್ದರ ಲಟ್ಟಣಿಗಿ ಹಿಡಕೊಂಡು ಓಣಿತನಕಾ ಬೆನ್ನಟ್ಟತಿದ್ಲು..."

ಬೈಯುತ್ತಲೇ ಹಿಟ್ಟು ಕಸಿದುಕೊಂಡಳು, ಬೈಯುತ್ತಲೇ ನೀರಿಗೆ ಹೋದಳು, ಬೈಯುತ್ತಲೇ ತುಂಬಿದ ಕೊಡದೊಂದಿಗೆ ತಿರುಗಿ ಬಂದಳು. ಮಾಮಾ ಹಿಟ್ಟು ಮೆತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ಕೂತಿದ್ದ. ಕಣ್ಣು ತುಂಬಿದ್ದವು. ಮನಸ್ಸಿಗೆ ಹಚ್ಚಿಕೋಬೇಡ ಮಾಮಾ, ಅವ್ವನಿಗೆ ಸುಮ್ಮನಿರಲು ಹೇಳುತ್ತೇನೆ ಎಂದು ನಾನೆದ್ದೆ. ಆತ ಮೊಣಕೈಯಿಂದ ನನ್ನನ್ನು ತಡೆದ.

"ಬ್ಯಾಡ, ಇನ್ನೊಂದೀಟು ಬೈಲಿ," ಅಂದ. "ನಡುವ ಎಲ್ಲೂ ಉಸಿರಿಗೆ ನಿಂದರಲಿಲ್ಲ ನೋಡು ನಮ್ಮಕ್ಕ."